ಹಳದಿ ದೀಪ ಆರುವ ತನಕ

ಆ ಮನೆಯಲ್ಲಿ ಇಬ್ಬರು ಗಂಡಸರಿದ್ದರು. ಮೂರು ವಾರದಿಂದ ಅವರ ನಡುವೆ ಮಾತಿರಲಿಲ್ಲ, ಹಾಗಾಗಿ ಇಬ್ಬರ ಮಾತೂ ಅವಳ ಬಾಯಿಂದಲೇ ಆಗಬೇಕಿತ್ತು. ಒಬ್ಬ ಅವಳ ಅಪ್ಪ, ಬಸ್ ಡಿಪೋದಲ್ಲಿ ಡೀಸೆಲ್ ಎಂಜಿನ್ನುಗಳ ಹೊಟ್ಟೆ ಬಗೆದು ಬಗೆದು ನಿವೃತ್ತನಾದವನು. ಇನ್ನೊಬ್ಬ ಗಂಡ, ಊರವರ ಮನೆಗೆಲ್ಲ ಟೈಲ್ಸ್ ಹಾಕುವವನು. ಇಬ್ಬರೂ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದರು. "ಉಪ್ಪಿನ ಡಬ್ಬಿ ಈ ಕಡೆ ಸರಿಸೋಕೆ ಹೇಳು ನಿಮ್ಮಪ್ಪಂಗೆ" ಎನ್ನುವನು ಗಂಡ. ಡಬ್ಬಿ ಅಪ್ಪನ ಮೊಣಕೈ ಪಕ್ಕದಲ್ಲೇ ಇರುವುದು. ಉಪ್ಪು ಮುಟ್ಟಬಾರದ ಅಪ್ಪ ಅದನ್ನು ನಿಧಿ ಕಾಯುವ ಸರ್ಪದಂತೆ ಕಾಯುತ್ತ ಕೂತು, ಅವಳು ಹೇಳಿದ ಮೇಲಷ್ಟೇ ಒಂದು ಬೆರಳಿನಿಂದ ದೂಡುವನು.

ಜಗಳ ಪಿಕಪ್ಪಿನದು. ಚಳಿ ಇಳಿದಾಗಿನಿಂದ ಆ ಗಾಡಿ ಬೆಳಗ್ಗೆ ಏಳುವುದನ್ನೇ ಬಿಟ್ಟಿತ್ತು. ಕೀ ತಿರುಗಿಸಿದರೆ ಕೆಮ್ಮುವುದು, ಬಿಳಿ ಹೊಗೆ ಉಗುಳುವುದು, ಮತ್ತೆ ಮಲಗುವುದು. ಗಂಡ ಬ್ಯಾಟರಿಯನ್ನು ಬಿಚ್ಚಿ ತಂದು ಬಾಣಂತಿಯ ಹಾಗೆ ಒಲೆಯ ಪಕ್ಕ ಬೆಚ್ಚಗಿಟ್ಟ. ಡೀಸೆಲ್ ಮೇಣ ಕಟ್ಟಿರಬಹುದೆಂದು ಫಿಲ್ಟರಿಗೆ ಬಿಸಿನೀರಿನ ಬಟ್ಟೆ ಸುತ್ತಿದ. ಕೊನೆಗೆ ಯಾರದೋ ಮಾತು ಕೇಳಿ ಒಂದು ಸ್ಪ್ರೇ ಡಬ್ಬಿ ತಂದ. ಎಂಜಿನ್ ಉಸಿರೆಳೆಯುವ ಕೊಳವೆಯೊಳಗೆ ಅದನ್ನು ಚಿಮ್ಮಿಸಿ ಕೀ ತಿರುಗಿಸಿದರೆ ಗಾಡಿ ಬೆಚ್ಚಿಬಿದ್ದು ಎದ್ದು ಕೂರುತ್ತಿತ್ತು.

"ಅದು ಹೆಂಡ," ಅಂದಿದ್ದ ಅಪ್ಪ. "ಹೆಂಡ ಕುಡಿಸಿ ಎಬ್ಬಿಸ್ತಿದೀಯ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ, ಬರೀ ಶಾಖ. ಶಾಖ ಕೊಡೋ ಹೀಟರ್ ಪ್ಲಗ್ ಸತ್ತಿದೆ, ಅದನ್ನ ನೋಡು ಮೊದಲು."

"ಡಿಪೋ ಕಾಲ ಮುಗೀತು ಮಾವ. ನಿಮ್ಮ ಬಸ್ಸುಗಳು ಶೆಡ್ಡಲ್ಲಿ ಬೆಚ್ಚಗೆ ಮಲಗ್ತಿದ್ವು."

"ಬಸ್ಸು ಮಲಗ್ತಿತ್ತು. ನಾನು ಮಲಗ್ತಿರಲಿಲ್ಲ."

ಅಷ್ಟೇ. ಅಂದಿನಿಂದ ಅಪ್ಪ ಅಳಿಯನ ಜೊತೆ ಟೂ ಬಿಟ್ಟ. ಅಳಿಯನೂ ಏನು ಕಡಿಮೆಯವನಲ್ಲ.

ಅಪ್ಪನ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಪೇಟೆಯ ಆಸ್ಪತ್ರೆಗೆ ಹೋಗಿ, ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗಿ ಬರಬೇಕು. ಹೋಗಿ ಬಂದ ಮರುದಿನ ಅವನಿಗೆ ಎಲ್ಲಿಲ್ಲದ ಹುರುಪು. ಅಂಥದೇ ಒಂದು ದಿನ, ಗಂಡ ಬೇರೆಯವರ ಬೈಕಿನಲ್ಲಿ ಕೆಲಸಕ್ಕೆ ಹೋಗಿದ್ದಾಗ, ಅಪ್ಪ ಹಳೆಯ ಸಲಕರಣೆ ಚೀಲ ಹಿಡಿದು ಹೊರಗೆ ಹೋದ. ಸಂಜೆ ಒಳಗೆ ಬಂದಾಗ ಗ್ರೀಸು ತೊಳೆದ ಕೈಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಮುದುಕನಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡು ಅವಳು ಕೇಳಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳ ಹಿಂದೆ ಅವನು ಬಂದು ನಿಂತ.

"ನಿನ್ನ ಗಂಡಂಗೆ ಒಂದು ಮಾತು ಹೇಳು..."

ಅವಳಿಗೆ ಎಲ್ಲಿಂದ ಸಿಟ್ಟು ಬಂತೋ. ಕೈಯಲ್ಲಿದ್ದ ತಟ್ಟೆಯನ್ನು ಸಿಂಕಿಗೆ ಬಿಟ್ಟಳು. "ನಾನು ಹೇಳಲ್ಲ. ಇವತ್ತಿಂದ ನಾನು ನಿಮ್ಮಿಬ್ಬರ ಪೋಸ್ಟ್‌ಮ್ಯಾನ್ ಅಲ್ಲ. ಬಾಯಿದೆ, ಕಿವಿಯಿದೆ, ನೀವೇ ಹೇಳ್ಕೊಳ್ಳಿ."

ಅಪ್ಪ ತೆರೆದ ಬಾಯಿ ಮುಚ್ಚಿದ. ಕೈ ಒರೆಸಿಕೊಂಡು ತನ್ನ ಕೋಣೆಗೆ ಹೋದ. ಅವಳಿಗೆ ಏನೋ ಗೆದ್ದಂತೆ ಅನಿಸಿತು.

ಆ ರಾತ್ರಿಯೇ ಹಿಮ ಶುರುವಾಯಿತು. ಬೆಳಗಾಗುವಷ್ಟರಲ್ಲಿ ರಸ್ತೆ ಮುಚ್ಚಿಹೋಗಿತ್ತು. ಗುಡ್ಡದ ಮೇಲಿನ ಆ ನಾಲ್ಕು ಮನೆಗಳಿಗೆ ಯಾರೂ ಬರುವಂತಿರಲಿಲ್ಲ, ಅಲ್ಲಿಂದ ಯಾರೂ ಇಳಿಯುವಂತಿರಲಿಲ್ಲ. ಅಪ್ಪನ ಒಂದು ಸರದಿ ತಪ್ಪಿತು. "ಇನ್ನೊಂದು ತಪ್ಪಿಸಬೇಡಿ," ಎಂದು ಆಸ್ಪತ್ರೆಯ ನರ್ಸಮ್ಮ ಫೋನಿನಲ್ಲಿ ಹೇಳಿದಳು. "ನೀರು ಶ್ವಾಸಕೋಶಕ್ಕೆ ಏರುತ್ತೆ. ಆಮೇಲೆ ನಮ್ಮ ಕೈಲೂ ಏನೂ ಇರಲ್ಲ."

ಮುಂದಿನ ಸರದಿಯ ದಿನ ರಸ್ತೆ ತೆರೆಯಿತು. ಅಷ್ಟರಲ್ಲಿ ಅಪ್ಪನ ಪಾದಗಳು ಯಾವ ಚಪ್ಪಲಿಗೂ ಹಿಡಿಸದಷ್ಟು ಊದಿಕೊಂಡಿದ್ದವು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಗೋಡೆಗೆ ಒರಗಿ ಕೂತೇ ಇರುಳು ಕಳೆದಿದ್ದ. ಒಂದು ಮಾತಿಗೆ ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದ. ಅವಳೂ ಗಂಡನೂ ಸೇರಿ ಅವನನ್ನು ಕಂಬಳಿಯಲ್ಲಿ ಸುತ್ತಿ ಪಿಕಪ್ಪಿನ ಬಾಗಿಲ ಕಡೆಯ ಸೀಟಿನಲ್ಲಿ ಕೂರಿಸಿದರು. ಗಂಡ ಬಾನೆಟ್ ಎತ್ತಿ ಅದರ ಹಿಂದೆ ಮರೆಯಾದ. ಎಂದಿನಂತೆ ಕೀ ತಿರುಗಿಸುವ ಕೆಲಸ ಅವಳದು, ಸ್ಪ್ರೇ ಹೊಡೆಯುವ ಕೆಲಸ ಅವನದು.

ಕೀ ಅರ್ಧ ತಿರುಗಿಸಿದಾಗ ಮುಂದೆ ಹೀಟರ್ ಪ್ಲಗ್ಗಿನ ಸುರುಳಿಯಾಕಾರದ ಹಳದಿ ದೀಪ ಹತ್ತಿತು. ಇಷ್ಟು ದಿನ ಅದು ಕಣ್ಣು ಮಿಟುಕಿಸಿ ಮಿಟುಕಿಸಿ ಸಾಯುತ್ತಿತ್ತು. ಇವತ್ತು ನೆಟ್ಟಗೆ ಉರಿಯಿತು. ಅವಳಿಗೆ ಖುಷಿಯಾಯಿತು. ಒಳ್ಳೆಯ ಲಕ್ಷಣ, ಬ್ಯಾಟರಿಯನ್ನು ಒಲೆ ಪಕ್ಕ ಇಟ್ಟಿದ್ದು ಸಾರ್ಥಕವಾಯಿತು ಎಂದುಕೊಂಡಳು. ಅಪ್ಪನೂ ದೀಪವನ್ನೇ ನೋಡುತ್ತಿದ್ದ. ಊದಿದ ಮುಖದಲ್ಲಿ ನಗುವಿನ ಒಂದು ಎಳೆ ಇತ್ತು. ದೀಪ ಆರುವ ತನಕ ಕಾದು ಅವಳು ಕೂಗಿದಳು:

"ರೀ, ಹೊಡೀರಿ!"

ಅಪ್ಪ ತಟ್ಟನೆ ತಿರುಗಿದ. ಕಂಬಳಿಯೊಳಗಿಂದ ಕೈ ಎತ್ತಿದ, ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಬೇಗ ಮಾಡು ಅನ್ನುತ್ತಿದ್ದಾನೆ ಎಂದುಕೊಂಡು ಅವಳು ಕೀಯನ್ನು ಪೂರ್ತಿ ತಿರುಗಿಸಿದಳು.

ಬಂಡೆಗೆ ಮದ್ದಿಟ್ಟಂಥ ಸದ್ದು. ಗಾಳಿ ಫಿಲ್ಟರಿನ ಮುಚ್ಚಳ ಹಾರಿ ಹಿಮದಲ್ಲಿ ಬಿತ್ತು. ಗಂಡ ಎರಡು ಹೆಜ್ಜೆ ಹಿಂದಕ್ಕೆ ಎಗರಿ ಕೂತುಬಿಟ್ಟ, ಹುಬ್ಬು ಅರ್ಧ ಸುಟ್ಟಿತ್ತು. ಎಂಜಿನ್ ಎರಡು ಸುತ್ತು ತಿರುಗಿ, ಕಬ್ಬಿಣವನ್ನು ಕಬ್ಬಿಣ ಕಚ್ಚಿದ ಹಾಗೆ 'ಟಕ್' ಎಂದು ನಿಂತಿತು. ಅವಳು ಮತ್ತೆ ಕೀ ತಿರುಗಿಸಿದಳು. ಟಕ್. ಮತ್ತೆ.

"ಸಾಕು," ಎಂದ ಅಪ್ಪ. "ಪ್ಲಗ್ಗಿನ ತುದಿ... ಮುರಿದು ಒಳಗೆ ಬಿದ್ದಿದೆ. ಇನ್ನು ಏಳಲ್ಲ ಅದು."

ಗಂಡ ಎದ್ದು ಬಂದು ಎಂಜಿನ್ನಿನೊಳಗೆ ಬಗ್ಗಿ ನೋಡಿದ. ಮಸಿ ಹಿಡಿದ ಕಬ್ಬಿಣದ ನಡುವೆ ಸಾಲಾಗಿ ನಾಲ್ಕು ಹೊಸ ಪ್ಲಗ್ಗಿನ ತಲೆಗಳು ಹೊಳೆಯುತ್ತಿದ್ದವು. ಸುಮಾರು ಹೊತ್ತು ನೋಡಿದ.

"ಇವನ್ನ ಯಾರು ಹಾಕಿದ್ದು?"

ಅವಳ ಮೂಗಿಗೆ ಎಲ್ಲಿಂದಲೋ ಸೀಮೆಎಣ್ಣೆಯ ವಾಸನೆ ಬಡಿದಂತಾಯಿತು. ಬಿಸಿ ಪ್ಲಗ್ಗಿಗೆ ಆ ಸ್ಪ್ರೇ ತಾಗಬಾರದು ಎಂಬ ಒಂದು ಮಾತು. ಒಂದೇ ಒಂದು ಮಾತು. ಅದನ್ನವಳು ಸಿಂಕಿನ ಮುಂದೆ ನಿಂತು ಅರ್ಧಕ್ಕೆ ತುಂಡರಿಸಿದ್ದಳು.

"ಅಪ್ಪಾ, ನಾನು..."

"ಆಮೇಲೆ ಅಳು," ಎಂದ ಅಪ್ಪ. "ಫೋನು ಮಾಡು ಈಗ."

ಆಂಬುಲೆನ್ಸಿನವನು ವಿಳಾಸ ಕೇಳಿ ನಿಟ್ಟುಸಿರು ಬಿಟ್ಟ. "ಆ ಏರಿಗೆ ನಮ್ಮ ಗಾಡಿ ಹತ್ತಲ್ಲ ಅಕ್ಕಾ, ಬರೀ ಐಸು. ಕೆಳಗೆ ಮುಖ್ಯರಸ್ತೆಗೆ ಕರ್ಕೊಂಡು ಬನ್ನಿ, ಅಲ್ಲಿ ಹತ್ತಿಸ್ಕೋತೀವಿ. ಎಷ್ಟು ಹೊತ್ತಿಗೆ ಅಂತ ಕೇಳಬೇಡಿ, ದಾರಿ ನೋಡ್ಕೊಂಡು ಬರಬೇಕು." ಎರಡು ಮನೆಗಳಿಗೆ ಚಳಿಗಾಲದ ಬೀಗ ಬಿದ್ದಿತ್ತು. ಮೂರನೆಯ ಮನೆಯ ಮೇಷ್ಟ್ರು ಆಗಲೇ ತಮ್ಮ ಕಾರಿನಲ್ಲಿ ಇಳಿದುಹೋಗಿದ್ದರು. ಅವರ ಫೋನು ರಿಂಗಾಗಿ ರಿಂಗಾಗಿ ನಿಂತಿತು.

ಗಂಡ ರಸ್ತೆಯನ್ನು ನೋಡಿದ. ಮನೆಯ ಮುಂದಿನಿಂದ ಕೆಳಗಿನ ತನಕ ಇಳಿಜಾರು.

"ಮಾವ," ಎಂದ. ಮೂರು ವಾರದ ನಂತರ ಆ ಪದ ಅವನ ಬಾಯಿಗೆ ದೊಡ್ಡದಾಗಿತ್ತು. "ಎಂಜಿನ್ ಇಲ್ಲದೆ ಉರುಳಿಸ್ಕೊಂಡು ಹೋದ್ರೆ?"

ಅಪ್ಪ ಕಣ್ಣು ಮುಚ್ಚಿ ಯೋಚಿಸಿದ. "ಸ್ಟೇರಿಂಗ್ ಕಲ್ಲಿನ ಹಾಗೆ ಆಗುತ್ತೆ. ಬ್ರೇಕೂ ಅಷ್ಟೇ. ಜೋರಾಗಿ ತುಳಿದರೆ ಜಾರ್ತೀಯ." ಉಸಿರೆಳೆದುಕೊಂಡ. "ನ್ಯೂಟ್ರಲ್‌ಗೆ ಹಾಕು."

ಅವಳು ನಡುವೆ ಸರಿದು ಕೂತಳು. ಗಂಡ ಕೈಬ್ರೇಕು ಬಿಟ್ಟ. ಪಿಕಪ್ಪು ಒಂದು ಮಾತೂ ಆಡದೆ ಹೊರಟಿತು. ಟೈರಿನ ಕೆಳಗೆ ಮಂಜುಗಡ್ಡೆ ಕರಕರನೆ ಪುಡಿಯಾಗುವುದೂ, ಅಪ್ಪನ ಎದೆಯೊಳಗೆ ಕುದಿಯುವ ಪಾತ್ರೆಯಂಥ ಗುಳುಗುಳು ಸದ್ದೂ ಅವಳಿಗೆ ಒಟ್ಟಿಗೆ ಕೇಳಿಸುತ್ತಿದ್ದವು. ಮೊದಲ ತಿರುವಿನಲ್ಲಿ ಗಂಡ ಎರಡೂ ಕೈಯಿಂದ ಸ್ಟೇರಿಂಗಿಗೆ ಜೋತುಬಿದ್ದ.

"ಎಡಕ್ಕೆ. ಇನ್ನೂ. ಈಗ ಬ್ರೇಕು... ಮುಟ್ಟಿ ಬಿಡು. ತುಳೀಬೇಡ ಅಂದೆನಲ್ಲ ಕತ್ತೆ!"

"ತುಳೀಲಿಲ್ಲ ಮಾವ, ಅದೇ ಹೋಯ್ತು!"

"ಕಾಲು ನಿಂದೋ ಅದರದ್ದೋ?"

ಅವಳಿಗೆ ನಗು ಬಂತು. ಎರಡನೆಯ ತಿರುವಿನಲ್ಲಿ ಹಿಂದಿನ ಚಕ್ರಗಳು ಪಕ್ಕಕ್ಕೆ ಸರಿದು, ಚರಂಡಿಯ ಅಂಚು ನೆಕ್ಕಿ, ಮತ್ತೆ ದಾರಿಗೆ ಬಂದವು. ಅಪ್ಪ ಮಾತು ನಿಲ್ಲಿಸಿದ. ಹೇಳುವುದಕ್ಕೆ ಇತ್ತು, ಉಸಿರು ಇರಲಿಲ್ಲ. ಬೆರಳಿನಿಂದ ಅವಳ ಮೊಣಕಾಲನ್ನು ಒತ್ತಿ ಎಡ, ಬಲ ತೋರಿಸತೊಡಗಿದ. ಅವಳು ಅದನ್ನು ಗಂಡನಿಗೆ ಕೂಗಿ ಹೇಳಿದಳು. ಎಡ. ಎಡ. ನೇರ.

ಮುಖ್ಯರಸ್ತೆಗೆ ಮುಂಚೆ ಒಂದು ಸಣ್ಣ ದಿಬ್ಬವಿತ್ತು. ಎಂಜಿನ್ ಇದ್ದಾಗ ಯಾರಿಗೂ ಅದು ದಿಬ್ಬವೆಂದೇ ಅನಿಸಿರಲಿಲ್ಲ. ಪಿಕಪ್ಪು ಅದರ ಅರ್ಧಕ್ಕೆ ಏರಿತು, ತಡವರಿಸಿತು, ಹಿಂದಕ್ಕೆ ಜಾರತೊಡಗಿತು. ಗಂಡ ಕೈಬ್ರೇಕು ಎಳೆದು, ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಇಬ್ಬರೂ ಹೆಗಲು ಕೊಟ್ಟು ದೂಡಿದರು. ಅವರ ಕಾಲುಗಳೇ ಜಾರಿದವು, ಗಾಡಿ ಅಲ್ಲಾಡಲಿಲ್ಲ. ಅಪ್ಪನನ್ನು ಎತ್ತಿಕೊಳ್ಳಲು ಗಂಡ ಕೈ ಹಾಕಿದ. ಸ್ವಲ್ಪ ಓರೆಯಾಗುತ್ತಲೇ ಅಪ್ಪನ ತುಟಿ ನೀಲಿಗೆ ತಿರುಗಿತು. ಮತ್ತೆ ನೆಟ್ಟಗೆ ಕೂರಿಸಿದರು.

"ನೀನು ಇಲ್ಲೇ ಇರು ಇವಳೇ. ನಾನು ಮೇಲೆ ನಿಂತು ಅವರನ್ನ ಕರೀತೀನಿ. ಸ್ಟ್ರೆಚರ್ ಇಳಿಸ್ತಾರೆ," ಎಂದು ಗಂಡ ದಿಬ್ಬವನ್ನು ಅರ್ಧ ಓಡಿ, ಅರ್ಧ ತೆವಳಿ ಹತ್ತಿದ.

ಅವಳು ಅಪ್ಪನ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತಳು. ಗಾಜಿನ ಮೇಲೆ ಇಬ್ಬರ ಉಸಿರು ಮಂಜಾಗಿ ಕೂರುತ್ತಿತ್ತು. ಅಂಗೈಯಿಂದ ಒರೆಸಿ ನೋಡಿದಳು. ದಿಬ್ಬದ ನೆತ್ತಿಯ ಮೇಲೆ ಗಂಡ ಬೆನ್ನು ತಿರುಗಿಸಿ ನಿಂತಿದ್ದ. ದೂರದಲ್ಲಿ ಯಾವುದೋ ಗಾಡಿಯ ಸದ್ದಾದಾಗಲೆಲ್ಲ ಬೀಸಲೆಂದು ಅವನ ಬಲಗೈ ಸೊಂಟದ ತನಕ ಏಳುವುದು, ಆಂಬುಲೆನ್ಸ್ ಅಲ್ಲವೆಂದು ಕೆಳಗೆ ಬೀಳುವುದು.

"ಬಂತಾ?" ಎಂದು ಅಪ್ಪ ಕೇಳಿದ. ಆ ಒಂದು ಪದಕ್ಕೆ ಮೂರು ಉಸಿರು ಬೇಕಾಯಿತು.

"ಇವರು ಮೇಲೆ ನಿಂತಿದಾರೆ ಅಪ್ಪಾ. ನೋಡ್ತಿದಾರೆ."

ಗಾಜು ಮತ್ತೆ ಮಂಜಾಯಿತು. ಮತ್ತೆ ಒರೆಸಿದಳು. ಗಂಡನ ಕೈ ಸೊಂಟದ ತನಕ ಎದ್ದಿತು. ಅವಳು ಉಸಿರು ಹಿಡಿದಳು.

ಕೈ ಕೆಳಗೆ ಬಿತ್ತು.