ಹುಲಿಗೆವ್ವನ ಹಗೇವು

ಫ್ಯಾನಿನ ಗಾಳಿಗೆ ಬಣ್ಣದ ಕಾಗದ ಸುತ್ತಿದ ಪುಸ್ತಕದ ಕಟ್ಟು ಮೇಜಿನ ಮೇಲೆ ಪರಪರ ಎನ್ನುತ್ತಿದೆ, ರಿಬ್ಬನ್ ಬಿಚ್ಚುವುದೊಂದು ಬಾಕಿ, ಆಮೇಲೆ ಕೃತಿ ಪರಿಚಯ ಕೋಮಲಾ ಟೀಚರ್ ಅವರಿಂದ ಎಂದು ಮಂಜಣ್ಣ ಮೈಕಿನಲ್ಲಿ ಕೂಗುತ್ತಾನೆ, ಆಗ ನೋಡು ಗಂಗಾಧರ್ ನಿನ್ನ ಗತಿ. ನಗು, ಕಾದಂಬರಿಕಾರ ಅಲ್ಲವೇ ನೀನು, ಶಾಲು ಸರಿಮಾಡಿಕೊಂಡು ನಗು, ಕೊಟ್ಟೂರಿನ ಈ ಸಭಾಂಗಣದಲ್ಲೇ ನಿನ್ನ ಮಾನ ಹರಾಜು ಹಾಕುತ್ತೇನೆ — ನಾನೇನು ಓದದವಳಲ್ಲ, ಈ ವರ್ಷ ಕೂಡ್ಲಿಗಿ–ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲೇ ಏಳು ಐತಿಹಾಸಿಕ ಕಾದಂಬರಿ ಮುಗಿಸಿದ್ದೇನೆ, ಒಂದರಲ್ಲಿ ಅರಸ ಅರವತ್ತು ಪುಟ ಅಳುತ್ತಾನೆ, ಅವನ ದಂಡಿಗೆ ರೊಟ್ಟಿ ಬಡಿದವರು ಯಾರೆಂದು ಒಂದು ಸಾಲಿಲ್ಲ, ಇನ್ನೊಂದರಲ್ಲಿ ಆನೆಗೂ ಹೆಸರಿದೆ, ಸೂಲಗಿತ್ತಿಗಿಲ್ಲ, ಒಂದೇ ಒಂದು, ತೆಳ್ಳನೆಯದು, ಅದರಲ್ಲಿ ಕೋಟೆ ಬಿದ್ದ ಮರುದಿನ ಅಗಸಗಿತ್ತಿಯೊಬ್ಬಳು ಸತ್ತವರ ಬಟ್ಟೆ ಒಗೆಯುತ್ತಾಳೆ, ಯಾವ ಕಡೆಯವರೆಂದು ನೋಡುವುದಿಲ್ಲ, ಅದನ್ನು ಓದುತ್ತ ಇಳಿಯುವುದನ್ನೇ ಮರೆತಿದ್ದೆ, ಯಾಕ್ರಿ ಟೀಚರ್ರ, ಇವತ್ತು ಸಾಲಿ ಇಲ್ಲೇನ್ರಿ ಎಂದಿದ್ದ ಕಂಡಕ್ಟರ್. ಕಲ್ಪಿಸಿ ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ, ಆ ಅಗಸಗಿತ್ತಿಯನ್ನೂ ಯಾರೋ ಕಲ್ಪಿಸಿದ್ದೇ. ಇವನು ಕದ್ದ, ಕದ್ದು ಕೆಡಿಸಿದ.

ನಾಲ್ಕು ದಿನ ನಮ್ಮ ಮನೆಯಲ್ಲಿ ಅವ್ವನೆದುರು ಮೊಬೈಲ್ ಇಟ್ಟುಕೊಂಡು ಕೂತಿದ್ದ, ಪುಂಡಿಪಲ್ಯ ಎರಡೆರಡು ಸಲ ಹಾಕಿಸಿಕೊಂಡ, ಹೇಳ್ರವ್ವಾ ಹೇಳ್ರಿ, ಆಮ್ಯಾಲೇನಾತು. ಅವ್ವ ಹೇಳಿದಳು, ತನ್ನವ್ವ ಹೇಳಿದ್ದ ಹಾಗೆಯೇ — ಉಚ್ಚಂಗಿದುರ್ಗದ ಕೆಳಗಿನ ಹಳ್ಳಿ, ನಮ್ಮ ವಂಶದ ಹುಲಿಗೆವ್ವ, ಲೂಟಿಗೆ ಬಂದ ದಂಡಿನವರು, ಜ್ವಾಳ ಬೇಕೇನ್ರಿ, ಬರ್ರಿ, ಎಂದು ಕರೆದುಕೊಂಡು ಹೋಗಿ ಜೋಳ ಹುಗಿದಿಡುವ ನೆಲದೊಳಗಿನ ಹಗೇವಿನ ಬಾಯಿಯ ಮಣ್ಣು ಕೆದರಿ ಚಪ್ಪಡಿ ಸರಿಸಿದಳು, ಇಳೀರಿ ಅಂದಳು. ಮುಚ್ಚಿಟ್ಟ ಹಗೇವು ತೆಗೆದರೆ ಒಂದು ದಿನ ಹಾಗೇ ಬಿಡಬೇಕು, ಆಮೇಲೆ ದೀಪ ಇಳಿಬಿಡಬೇಕು, ದೀಪ ಆರಿದರೆ ಯಾರೂ ಇಳಿಯುವಂತಿಲ್ಲ, ಒಳಗಿನ ಗಾಳಿ ವಿಷ, ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು, ದಂಡಿನವರಿಗೆ ಗೊತ್ತಿರಲಿಲ್ಲ. ಐದು ಮಂದಿ ಇಳಿದರು, ಒಬ್ಬನೂ ಹತ್ತಲಿಲ್ಲ. ಇಷ್ಟು ಹೇಳುವಾಗ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ, ತಾನೇ ಚಪ್ಪಡಿ ಸರಿಸಿದ ಹಾಗೆ. ಇವನೇನು ಬರೆದ, ಹುಲಿಗೆವ್ವ ಆ ದಂಡಿನ ಸರದಾರನಿಗೆ ಮನಸೋತಳಂತೆ, ಅವನ ಕೈ ಹಿಡಿದು ಅದೇ ಹಗೇವಿಗೆ ಇಳಿದು, ಮೇಲೆ ಚಪ್ಪಡಿ ಎಳೆಸಿಕೊಂಡು, ಜೋಳದ ಮೇಲೆ ಮೂರು ರಾತ್ರಿ — ಮೂರು ರಾತ್ರಿ! ಸ್ವಲ್ಪ ಹೊತ್ತಿಗೇ ಹೆಣವಾಗುತ್ತಿದ್ದರು, ದಡ್ಡ ನನ್ನ ಮಗನೆ. ನೂರಾ ಹನ್ನೆರಡನೆಯ ಪುಟ. ಮೆತ್ತಗೆ ಇಡೀ ಪುಟ ಓದುತ್ತೇನೆ, ಓದಿ ಕೇಳುತ್ತೇನೆ, ಸರ್, ನೀವು ಹಗೇವು ನೋಡಿದ್ದೀರಾ? ಬೇಸಾಯ ಮಾಡುವ ಜನ ತುಂಬಿದ್ದಾರೆ, ಮೊದಲು ಅವರು ನಗುತ್ತಾರೆ, ಆ ನಗು ನನಗೆ ಬೇಕು, ಸಾಯುವತನಕ ಇವನ ಕಿವಿಯಲ್ಲಿ ಅದು ಕೇಳುತ್ತಿರಬೇಕು.

ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ, ಹೊಸ ಸೀರೆ, ಮಡಿಲಲ್ಲಿ ನನಗೆ ಮೊದಲೇ ಕಳಿಸಿದ್ದ ಪ್ರತಿ. ಅಕ್ಷರ ಬಾರದವಳು. ಕೋಮ್ಲಾ, ನಮ್ಮ ಹುಲಿಗೆವ್ವ ಎಲ್ಲಿ ಅದಾಳ ತೋರ್ಸು, ಬೆಳಿಗ್ಗೆ ಕೇಳಿದಳು, ನಾನು ಗುರುತಿಟ್ಟಿದ್ದ ಪುಟ ತಾನೇ ತೆರೆದುಕೊಂಡಿತು, ಅದೇ ಪುಟ, ಬೇರೆ ಪುಟ ತಿರುವಬಹುದಿತ್ತು, ತಿರುವಲಿಲ್ಲ, ಅವಸರ, ಬಸ್ಸಿನ ಹೊತ್ತು, ಹೆಸರಿನ ಮೇಲೆ ಅವಳ ಹೆಬ್ಬೆರಳು ಇಟ್ಟೆ, ಇದು ನೋಡು. ಬಸ್ಸಿನುದ್ದಕ್ಕೂ ತೆಗೆಯಲಿಲ್ಲ. ಈಗ ಪಕ್ಕದವಳಿಗೆ ತೋರಿಸುತ್ತಿದ್ದಾಳೆ, ನೋಡ್ರಿ, ನಮ್ಮಾಕಿ. ಗಂಗಾಧರ್ ವೇದಿಕೆಯಿಂದ ಇಳಿದು ಅವಳ ಕಾಲು ಮುಟ್ಟುತ್ತಿದ್ದಾನೆ, ಅವ್ವಾರು ಕೊಟ್ಟ ಕಥಿ ಇದು ಎನ್ನುತ್ತಿದ್ದಾನೆ, ಬಿಡು ಅವ್ವ, ಅವನ ತಲೆ ಮುಟ್ಟಬೇಡ — ಎಡಗೈಯಿಂದ ಹರಸಿದಳು, ಬಲಗೈ ಪುಟ ಬಿಡಲಿಲ್ಲ. ಓದಿದರೆ ಅವಳೂ ಕೇಳುತ್ತಾಳೆ. ಓದದೆ ಬರೀ ಹಗೇವಿನ ಮಾತೆತ್ತಿದರೆ, ಅಲ್ಲಿಂದಲೇ ಗಟ್ಟಿಯಾಗಿ ಕೇಳುತ್ತಾಳೆ, ಹುಲಿಗೆವ್ವ ಯಾಕ ಇಳದ್ಲು, ಇಳದವ್ರು ದಂಡಿನವ್ರಲ್ಲೇನು? ಏನು ಹೇಳಲಿ, ಮೊದಲ ಪೆಟ್ಟು ಅವಳಿಗೇ ಬೀಳುತ್ತದೆ, ಅವನಿಗೆ ಆಮೇಲೆ. ಬಿಡಬೇಡ, ಓದು. ರಿಬ್ಬನ್ ಬಿಚ್ಚಿದ್ದಾಯಿತು, ಕೋಮಲಾ ಟೀಚರ್ ಬರ್ಬೇಕು, ಮಂಜಣ್ಣ ಕೂಗಿದ. ಎದ್ದಿದ್ದೇನೆ, ಮೈಕು ಕೈಯಲ್ಲಿದೆ, ಅವನು ನಗುತ್ತಿದ್ದಾನೆ, ಅವ್ವನ ಮಡಿಲಲ್ಲಿ ನೂರಾ ಹನ್ನೆರಡು ತೆರೆದಿದೆ, ಹುಲಿಗೆವ್ವ ಎಂಬ ಹೆಸರು, ಅದರ ಮುಂದಿನ ಶಬ್ದಗಳೇ ಸೆರಗು ಜಾರಿಸಿ ಎಂದು, ಅವ್ವನ ಹೆಬ್ಬೆರಳು ಎರಡನ್ನೂ ಮುಚ್ಚಿದೆ, ರೊಟ್ಟಿ ತಟ್ಟಿ ಚಪ್ಪಟೆಯಾದ ಹೆಬ್ಬೆರಳು, ಒತ್ತಿಯೇ ಹಿಡಿದದ್ದು, ಹೆಬ್ಬೆರಳು —