ಅಂಚು ಕತ್ತರಿಸಿದ ಕೈ

ಪುಸ್ತಕ ಓದಿ ಅಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದರಲ್ಲೂ ನಮ್ಮ ಅಕ್ಕನನ್ನು ಕಂಡರೆ. ಗಂಡನ ಮನೆಯವರು ಪೆಟ್ಟಿಗೆ ಸಮೇತ ಬಾಗಿಲಾಚೆ ನಿಲ್ಲಿಸಿದ ದಿನ ಅವಳು ಅಳಲಿಲ್ಲ. ಅಪ್ಪ ಹೋದಾಗಲೂ ಕಲ್ಲಿನ ಹಾಗೆ ಕೂತಿದ್ದಳು. ಈಗ ನೋಡಿದರೆ ಹುಟ್ಟೇ ಇಲ್ಲದ ಒಬ್ಬ ಹುಡುಗ, ಹುಟ್ಟೇ ಇಲ್ಲದ ಒಬ್ಬ ಹುಡುಗಿಯ ಕೈ ಬಿಟ್ಟ ಅಂತ ಹೊಲಿಗೆ ಮಷೀನಿನ ಮೇಲೆ ತಲೆಯಿಟ್ಟು ಬಿಕ್ಕುತ್ತಾಳೆ. ಹೊಲಿಯಬೇಕಾದ ಕಾಲರುಗಳ ರಾಶಿ ಪಕ್ಕದಲ್ಲಿ ಹಾಗೇ ಬಿದ್ದಿರುತ್ತದೆ.

"ಇಲ್ಲದವನಿಗೆ ಅಳ್ತೀಯಲ್ಲಕ್ಕ, ನಾಚಿಕೆ ಆಗಲ್ವಾ?" ಅಂತ ಕೇಳಿದ್ದೆ.

"ಇರೋರಿಗೆ ಅತ್ತು ಏನು ಬಂತು, ಹೇಳು," ಅಂದು ಪುಟ ತಿರುಗಿಸಿದಳು.

ನಾನು ಏಳನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಮಾವನ ಬೈಂಡಿಂಗ್ ಅಂಗಡಿ ಸೇರಿದವನು. ಮಾವ ಅಂದರೆ ಅಮ್ಮನ ತಮ್ಮ. ಕಿತ್ತುಹೋದ ಪುಸ್ತಕವನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕುವ ಮೊದಲು ಮೂರು ಬದಿ ಕತ್ತರಿಸುವುದು ನನ್ನ ಕೆಲಸ. "ಕೂದಲೆಳೆಯಷ್ಟು ತೆಗಿ, ಸಾಕು. ಪುಸ್ತಕ ನಮ್ದಲ್ಲ," ಅನ್ನುವುದು ಮಾವನ ಮಂತ್ರ.

ಅಕ್ಕ ಓದುವ ಪುಸ್ತಕಗಳೂ ನಮ್ಮಲ್ಲಿಗೇ ಬರುತ್ತಿದ್ದವು. ಮೂಲೆಯಲ್ಲಿ ಹಳೆ ಪುಸ್ತಕದ ಅಂಗಡಿ ಇಟ್ಟ ಕನ್ನಡಕದಮ್ಮ ಕಳಿಸುತ್ತಿದ್ದಳು. ಅಲ್ಲಿ ಹೆಸರಿಲ್ಲ, ರಿಜಿಸ್ಟರಿಲ್ಲ; ಒಂದು ತಂದಿಟ್ಟು ಇನ್ನೊಂದು ಒಯ್ಯಬೇಕು, ಅಷ್ಟೇ; ಓದಿದ್ದನ್ನೇ ಮತ್ತೆ ಒಯ್ದರೂ ಕೇಳುವವರಿಲ್ಲ. ಹಾಗೆ ಬಂದ ಒಂದು ಪ್ರೇಮದ ಕಾದಂಬರಿ ಬಿಚ್ಚಿದಾಗ ಅಂಚಿನ ತುಂಬ ಬರಹ ಕಾಣಿಸಿತು. ಪೆನ್ಸಿಲಿನದು ಅಕ್ಕನ ಕೈ. ನನಗೆ ಅಕ್ಷರ ಕಲಿಸಿದ ಕೈ, ಗುರುತು ಸಿಗದೆ ಇರುತ್ತದೆಯೇ?

"ಇವನು ಸುಳ್ಳು ಹೇಳ್ತಿದ್ದಾನೆ. ಇವಳಿಗೆ ಯಾಕೆ ತಿಳೀತಿಲ್ಲ?" ಅಂತ ಅಕ್ಕ ಬರೆದಿದ್ದಳು. ಅದರ ಕೆಳಗೆ ಯಾರೋ ಹಸಿರು ಶಾಯಿಯಲ್ಲಿ: "ತಿಳಿಯುತ್ತೆ. ಎಂಬತ್ತನೇ ಪುಟದವರೆಗೆ ತಾಳಿಕೊಳ್ಳಿ."

ಇನ್ನೊಂದು ಕಡೆ ಅಕ್ಕ: "ನನ್ನನ್ನೂ ಹೀಗೇ ಬಾಗಿಲಲ್ಲಿ ನಿಲ್ಲಿಸಿದ್ರು. ಮುಂದೆ ಓದೋಕಾಗ್ತಿಲ್ಲ." ಹಸಿರು ಶಾಯಿ: "ಈ ಎರಡು ಪುಟ ಬಿಟ್ಟುಬಿಡಿ. ನಾನು ಓದಿದ್ದೀನಿ. ಅವಳು ಬದುಕ್ತಾಳೆ."

ನನ್ನ ಕಿವಿ ಕಾದವು. ಮನೆಯವರಿಗೇ ಬಾಯಿ ಬಿಡದವಳು ಗುರುತುಪರಿಚಯವಿಲ್ಲದವನ ಹತ್ತಿರ ಹೊಟ್ಟೆಯೊಳಗಿನದೆಲ್ಲ ಹೇಳಿಕೊಂಡಿದ್ದಾಳೆ! ಅವನು ಗಂಡಸೇ ಅಂತ ನಾನೇ ತೀರ್ಮಾನಿಸಿಬಿಟ್ಟೆ. ಕೊನೆಯ ಪುಟದ ಅಂಚಿನಲ್ಲಿ "ಮುಂದೆ ಇಲ್ಲಿ ಸಿಗೋಣ" ಅಂತಿತ್ತು, ಕೆಳಗೆ ಏನೋ ಹೆಸರು. ಅದನ್ನು ಪೂರ್ತಿ ಓದಲೂ ಇಲ್ಲ. ಸಿಟ್ಟಿಗೆ ಓದು ಬರುವುದಿಲ್ಲ.

ಪುಸ್ತಕವನ್ನು ಹೇಗೋ ಹೊಲಿದು ಕಟಿಂಗ್ ಮಷೀನಿಗೆ ತಳ್ಳಿದೆ. ಕೂದಲೆಳೆಯಲ್ಲ, ಒಂದು ಬೆರಳಗಲ. ಬ್ಲೇಡು ಇಳಿಸುವ ಚಕ್ರ ತಿರುಗಿಸಿದೆ. ಪೆನ್ಸಿಲು, ಹಸಿರು ಎರಡೂ ಎಳೆಎಳೆಯಾಗಿ ಕಾಲಬುಡಕ್ಕೆ ಬಿದ್ದವು.

ಮಾವ ಪುಸ್ತಕ ನೋಡಿ ಹಣೆ ಚಚ್ಚಿಕೊಂಡ. "ಕ್ಷೌರ ಮಾಡು ಅಂದ್ರೆ ತಲೇನೇ ತೆಗೆದ್ಯಲ್ಲೋ! ಉಸಿರಾಡೋಕೂ ಜಾಗ ಬಿಟ್ಟಿಲ್ಲ."

"ಜಾರಿತು ಮಾವ."

"ಜಾರಿದ್ದು ಮಷೀನೋ, ನಿನ್ನ ತಲೆಯೋ?"

ಚೂರುಗಳ ಮೂಟೆ ಅವತ್ತೇ ರದ್ದಿಯವನ ಗಾಡಿ ಹತ್ತಿತು.

ನಾಲ್ಕು ದಿನ ಬಿಟ್ಟು ಅಕ್ಕ ಆ ಪುಸ್ತಕ ಹಿಡಿದು ಬಂದಳು. ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸುತ್ತ ಕೇಳಿದಳು. "ಇದು ನೀನು ಕತ್ತರಿಸಿದ್ದಾ?"

"ಮಾವ ಕತ್ತರಿಸಿದ್ದು." ಸುಳ್ಳು ನಾಲಿಗೆ ತುದಿಯಲ್ಲೇ ಕಾದು ಕೂತಿತ್ತು.

"ಕೊನೇ ಪುಟದಲ್ಲಿ ಒಂದು ಪುಸ್ತಕದ ಹೆಸರಿರಬೇಕಿತ್ತು ಕಣೋ. ಯಾರೋ ಪ್ರತಿ ಸಲ ಬರೀತಿದ್ರು, ಮುಂದೆ ಯಾವುದು ಓದೋಣ ಅಂತ. ಯಾರು, ಎಂಥೋರು, ನಂಗೂ ಗೊತ್ತಿಲ್ಲ. ಅವರು ಹೇಳಿದ್ದನ್ನ ತಂದು ಓದ್ತಿದ್ದೆ. ನೀನೇನಾದ್ರೂ ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ?"

ಅವಳು ಪುಸ್ತಕ ಮುಚ್ಚಿಟ್ಟಳು. ಮಾರನೆಯ ದಿನದಿಂದ ಓದು ನಿಂತಿತು. ಕಾಲರುಗಳ ರಾಶಿ ಸಂಜೆಯೊಳಗೆ ಕರಗತೊಡಗಿತು. ಮನೆಯಲ್ಲಿ ಅಳುವ ಸದ್ದೇ ಇಲ್ಲ. ನನಗೆ ಬೇಕಾಗಿದ್ದೂ ಅದೇ ತಾನೇ? ಆದರೆ ಆ ಮಷೀನಿನ ಟಕಟಕ ಕೇಳಲಾಗದೆ ನಾನು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿ ಉಣ್ಣತೊಡಗಿದೆ.

ಹೆಸರು ಹೋದರೂ ಆ ಮುಂದಿನ ಪುಸ್ತಕದಲ್ಲಿ ಹಸಿರು ಶಾಯಿ ಇದ್ದೇ ಇರಬೇಕು ಅಂತ ಭಾನುವಾರ ಕನ್ನಡಕದಮ್ಮನ ಅಂಗಡಿಗೆ ಹೋಗಿ ಕಪಾಟಿನ ಒಂದೊಂದೇ ಪುಸ್ತಕ ತೆಗೆದು ಅಂಚು ನೋಡತೊಡಗಿದೆ.

"ಏನಪ್ಪಾ, ಯಾರಾದ್ರೂ ಹುಡುಗಿ ಸಿಕ್ಕಳಾ? ಬರೀ ಪ್ರೇಮದ ಸಾಲಿಗೇ ಕೈ ಹಾಕ್ತಿದ್ದೀಯ!"

"ಹಸಿರು ಶಾಯಿಯಲ್ಲಿ ಬರೆಯೋರು ಯಾರು ಗೊತ್ತಾ ಅಮ್ಮಾ?"

"ಗೊತ್ತಿದ್ರೆ ಕೈ ಮುರೀತಿದ್ದೆ. ಪುಸ್ತಕದ ತುಂಬ ಗೀಚ್ತಾರೆ."

ಅವತ್ತು ಸಿಗಲಿಲ್ಲ. ಅರ್ಧಕ್ಕರ್ಧ ಪುಸ್ತಕಗಳು ಯಾರ್ಯಾರದೋ ಮನೆಯಲ್ಲಿದ್ದವು. ನಾಲ್ಕನೇ ಭಾನುವಾರ, ಆಗಷ್ಟೇ ವಾಪಸು ಬಂದ ರಾಶಿಯಲ್ಲಿ ಹಸಿರು ಕಂಡಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಶುರು ಮಾಡಿದವನು, ಸೋಮವಾರ ಕೆಲಸದ ನಡುವೆಯೂ ಬಿಡಲಿಲ್ಲ.

ಒಂದು ಕಿವಿ ಕೇಳದ ಹುಡುಗಿಯ ಕತೆ. ಹುಡುಗ ತನ್ನ ಮನಸ್ಸನ್ನು ಆ ಕೇಳದ ಕಿವಿಯ ಪಕ್ಕವೇ ಹೇಳುತ್ತಾನೆ. ಅವಳು ಸುಮ್ಮನೆ ನಡೆಯುತ್ತಾಳೆ. ಬೇಡ ಅಂದಳೆಂದುಕೊಂಡು ಆ ದಡ್ಡ ಮತ್ತೆ ಬಾಯಿ ಬಿಡುವುದೇ ಇಲ್ಲ.

"ಇನ್ನೊಂದು ಸಲ ಹೇಳೋಕೇನು ರೋಗ ಇವನಿಗೆ?" ಅಂತ ನಾನು ಕೂಗಿದ್ದಕ್ಕೆ ಗೋಂದಿನ ಬಟ್ಟಲು ಉರುಳಿತು.

"ಹೇಳಿಬಿಟ್ರೆ ಇನ್ನೂರು ಪುಟ ಎಲ್ಲಿಂದ ಬರ್ಬೇಕೋ? ನಾವೇನು ಗಾಳಿ ಬೈಂಡ್ ಮಾಡೋದಾ?" ಮಾವ ತಲೆಯೆತ್ತಿ ನನ್ನ ಮುಖ ನೋಡಿದ. "ಕಣ್ಣಿಗೇನಾಯ್ತು?"

"ಗೋಂದು."

ಕತೆಗಿಂತ ನನ್ನನ್ನು ಹಿಂಡಿದ್ದು ಅಂಚು. ಮೊದಲ ಪುಟಗಳಲ್ಲಿ ಹಸಿರು ಶಾಯಿ ಪ್ರಶ್ನೆ ಕೇಳುತ್ತ ಹೋಗಿತ್ತು: "ಇವನು ಹೇಗೆ ಅನ್ನಿಸಿದ ನಿಮಗೆ?" ಪ್ರತಿ ಪ್ರಶ್ನೆಯ ಕೆಳಗೂ ಪೆನ್ಸಿಲಿಗೆ ಅಂತ ಜಾಗ ಬಿಟ್ಟಿತ್ತು. ಆ ಜಾಗಗಳೆಲ್ಲ ಖಾಲಿ. ಕೊನೆಗೆ ಬೇರೆ ದಿನ ಬರೆದಂತಿದ್ದ ಸಾಲುಗಳು: "ಎರಡನೇ ಸಲ ತಂದು ನೋಡಿದೆ. ನೀವು ಬಂದಿಲ್ಲ. ನಾನೇನೋ ಮಿತಿ ಮೀರಿ ಬರೆದಿರಬೇಕು, ಕ್ಷಮಿಸಿ. ಗಂಡ ತೀರಿಕೊಂಡ ಮೇಲೆ ನನ್ನ ಜೊತೆ ಓದಿದವರು ನೀವೊಬ್ಬರೇ. ಇನ್ನು ಬರೆದು ತೊಂದರೆ ಕೊಡುವುದಿಲ್ಲ."

ಆ ಸಂಜೆ ಪುಸ್ತಕವನ್ನು ಅಕ್ಕನ ಮಷೀನಿನ ಮೇಲಿಟ್ಟೆ. "ಮಾವ ಅಲ್ಲಕ್ಕ. ನಾನು. ಬೇಕಂತಲೇ."

"ಗೊತ್ತು," ಅಂದಳು. "ಮಾವ ಕೂದಲೆಳೆಗಿಂತ ಹೆಚ್ಚು ಕತ್ತರಿಸಲ್ಲ. ನೀನಾಗೇ ಹೇಳ್ತೀಯೇನೋ ಅಂತ ಕಾದೆ."

ಅವಳು ಕೊನೆಯ ಪುಟ ಓದಿದಳು. ಬೈದಿದ್ದರೆ, ಹೊಡೆದಿದ್ದರೆ, ಒಂದು ಹನಿ ಅತ್ತಿದ್ದರೂ ನನಗೆ ಸಾಕಿತ್ತು. ಅಳಲಿಲ್ಲ. ಅಪ್ಪ ಹೋದ ದಿನ ಕೂತ ಹಾಗೆಯೇ ಕೂತಿದ್ದಳು. ಆಮೇಲೆ ಪೆನ್ಸಿಲು ತೆಗೆದು ನನ್ನ ಕಡೆ ತಳ್ಳಿದಳು.

"ನೀನೇ ಬರಿ. ಕತ್ತರಿಸಿದೋನು ನೀನು."

ಏಳನೇ ಕ್ಲಾಸಿನ ಕೋಳಿಕಾಲು ಅಕ್ಷರದಲ್ಲಿ ಬರೆದೆ: "ಅಕ್ಕನ ತಪ್ಪಿಲ್ಲ. ನಿಮ್ಮ ಮಾತು ಅವಳಿಗೆ ಮುಟ್ಟದ ಹಾಗೆ ಅಂಚು ಕತ್ತರಿಸಿದವನು ನಾನು, ಅವಳ ತಮ್ಮ. ಅವಳು ಕಾಯ್ತಿದ್ದಾಳೆ." ಅದರ ಕೆಳಗೆ ಜಾಗ ಬಿಟ್ಟೆ.

ಪುಸ್ತಕ ಮತ್ತೆ ಕಪಾಟು ಸೇರಿ ಏಳು ವಾರವಾಯಿತು. ಪ್ರತಿ ಭಾನುವಾರ ಹೋಗಿ ತೆಗೆದು ನೋಡುತ್ತೇನೆ. ಮನೆಗೆ ಬಂದರೆ ಅಕ್ಕ ತಲೆಯೆತ್ತದೆ ಕೇಳುತ್ತಾಳೆ, "ಬಂತಾ?"

"ಇಲ್ಲಕ್ಕ."

ಮಷೀನು ಮತ್ತೆ ಟಕಟಕ ಅನ್ನುತ್ತದೆ.