ಪಟ್ಟಿಯ ಮೇಲಿನ ಕಚ್ಚು

ಸರ್ ಎಂದು ಹೋಯಿತು, ಸರ್ ಎಂದು ಬಂತು, ಕನ್ನಡಿಯ ಮೂಲೆಯಲ್ಲಿ ಬಿಸಿಲು ಒಮ್ಮೆ ಕಣ್ಣು ಮಿಟುಕಿಸಿ ಸುಮ್ಮನಾಯಿತು, ಕ್ಷೌರದ ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ, ಮಸೆಯುವ ಚರ್ಮದ ಪಟ್ಟಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಎಳೆಯುತ್ತಿದ್ದಾನೆ ಇವನು, ಹಿಂದೆ ಕುರ್ಚಿಯಲ್ಲಿ ಅಣ್ಣ, ಮುಖದ ತುಂಬ ನೊರೆ, ಮೋಡದೊಳಗಿಂದ ಮೂಗೊಂದು ಇಣುಕಿದ ಹಾಗೆ — ನಗು ಬರಬೇಕಿತ್ತು, ಬರಲಿಲ್ಲ, ಎರಡು ತಿಂಗಳಿಂದ ಅಣ್ಣನ ಕೈ ನಡುಗುತ್ತದೆ, ಎರಡು ತಿಂಗಳಿಂದ ಗಡ್ಡ, ಊರಿಗೆಲ್ಲ ಬೋಳಿಸುವವನ ಗಡ್ಡ, ಆದರೂ ಇನ್ನೊಬ್ಬರ ಕೈಗೆ ಕೊರಳು ಕೊಟ್ಟವನಲ್ಲ, ಇವತ್ತು ಬಾಗಿಲು ತೆಗೆದವನೇ ಬಂದು ಕೂತ, ಕತ್ತಿ ತಗೋ, ನೀನೇ ಮಾಡೋ ಅಂದ, ಮೂರು ವರ್ಷದ ಮೇಲೆ ಕತ್ತಿಯ ಬಗ್ಗೆ ಇಷ್ಟೇ ಮಾತು — ಕತ್ತಿ ಕೈಬಿಟ್ಟ ಅವತ್ತೂ ಇದೇ ಬಿಸಿಲು, ಬೆಂಚಿನ ತುಂಬ ಗಿರಾಕಿಗಳು, ಅಷ್ಟು ಜನರ ಮುಂದೆ ಅಣ್ಣ, ನಿನ್ನ ಕೈಲಿ ಕುರಿ ಉಣ್ಣೆ ತೆಗೆಯೋಕೂ ಆಗಲ್ಲ ಕಣೋ ಅಂದ, ಪಾಪ ಕುರಿ ಏನ್ ಮಾಡಿತ್ತು ಬಿಡಪ್ಪಾ ಅಂದ ಪೋಸ್ಟ್‌ಮ್ಯಾನ್, ಬೆಂಚೆಲ್ಲ ಕಿಸಕ್ಕೆಂದಿತು, ಇವನ ಕಿವಿ ಬಿಸಿ, ಮಣಿಕಟ್ಟು ಬಿಸಿ, ಪಟ್ಟಿಯ ತುದಿಯಲ್ಲಿ ಬೆನ್ನ ಮೇಲೆ ಹೊರಳಿಸಬೇಕಾದ ಕತ್ತಿಯನ್ನು ಸಿಟ್ಟಿನಲ್ಲಿ ಬಾಯ ಮೇಲೆ ಹೊರಳಿಸಿದ, ಕಚಕ್, ಅಪ್ಪ ಬಿಟ್ಟುಹೋದ ಪಟ್ಟಿ, ಅದರ ಮೇಲೆ ಬೆರಳಗಲದ ಕಚ್ಚು.

ಬೈಯಲಿಲ್ಲ ಅಣ್ಣ, ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಕತ್ತಿ ಇಸಕೊಂಡು ಕತ್ತರಿ ಕೊಟ್ಟ, ಸಿಟ್ಟು ಇಳಿದ ದಿನ ಕತ್ತಿ ಕೇಳು ಅಂದ, ಇವನು ಕೇಳಲಿಲ್ಲ, ಇವನೇನು ಭಿಕ್ಷೆಗೆ ನಿಂತವನೇ, ಮೂರು ವರ್ಷ ಬರೀ ಕೂದಲು ಕತ್ತರಿಸಿ, ಕೂದಲು ಗುಡಿಸಿ — ಅಣ್ಣ ಹೊಸ ಪಟ್ಟಿ ತರಲಿಲ್ಲ, ದಿನಾ ಕಚ್ಚಿನ ತನಕ ಎಳೆದು ಅಲ್ಲೇ ತಿರುಗಿಸುತ್ತಿದ್ದ, ನನ್ನನ್ನು ಹಂಗಿಸೋಕೇ ಎಂದು ಇವನು ಹಲ್ಲು ಕಡಿಯುತ್ತಿದ್ದ, ಈಗ ನೋಡಿದರೆ ಕಚ್ಚಿನ ಈಚೆ ಚರ್ಮ ಎಣ್ಣೆ ಸವರಿದ ಹಾಗೆ ಮಿರುಗುತ್ತದೆ, ಆಚೆ ಧೂಳು, ಎಳೆತ ಇಪ್ಪತ್ತು, ಇಪ್ಪತ್ತೊಂದು, ಒತ್ತಬೇಡ ಕಣೋ, ಸದ್ದಲ್ಲೇ ಗೊತ್ತಾಗತ್ತೆ ನಿನ್ನ ಸಿಟ್ಟು, ಕಣ್ಣು ಮುಚ್ಚಿಕೊಂಡೇ ಅಂದ ಅಣ್ಣ, ಕತ್ತಿ ಭಾರ ಕತ್ತಿಗೇ ಸಾಕು, ಇವನು ಒತ್ತಲಿಲ್ಲ, ಸದ್ದು ತೆಳ್ಳಗಾಯಿತು, ರೇಷ್ಮೆ ಹರಿದ ಹಾಗೆ, ಯಾರೋ ದೂರದಲ್ಲಿ ತಲೆ ಬಾಚಿಕೊಳ್ಳುತ್ತಿರುವ ಹಾಗೆ, ಅಂಗಡಿ ನೀರಿನ ಮೇಲೆ ತೇಲಿತು, ಕನ್ನಡಿ, ಬೆಂಚು, ಅಪ್ಪನ ಸಾಬೂನಿನ ವಾಸನೆ, ಯಾರದೋ ದನಿ ಕೇಳುತ್ತಿದೆ, ತನ್ನದೇ ಇರಬೇಕು, ಈ ಪಟ್ಟೀನ ಯಾಕಣ್ಣ ಬಿಸಾಕ್ಲಿಲ್ಲ, ಅಣ್ಣನ ನೊರೆ ಅಲುಗಿತು, ಮಿಕ್ಕಿದ್ದು ಚೆನ್ನಾಗೇ ಇದೆಯಲ್ಲೋ.

ಮಿಕ್ಕಿದ್ದು — ಅಣ್ಣನ ಗಲ್ಲ ಎತ್ತಿದ, ಅಲಗು ಇಟ್ಟ, ಬಟ್ಟೆಯ ಕೆಳಗೆ ಅಣ್ಣನ ಕೈ ಅಕ್ಕಿ ಕುದಿಯುವ ಹಾಗೆ ಕುದಿಯುತ್ತಿದೆ, ಕೊರಳು ಮಾತ್ರ ಅಲುಗದು, ನೊರೆಯಲ್ಲಿ ದಾರಿ ಬಿಡಿಸುತ್ತ ಕತ್ತಿ ಇಳಿಯಿತು, ಕೊರಳ ಗಂಟು ಮೇಲೆ ಹೋಗಿ ಕೆಳಗೆ ಬಂತು, ಇನ್ನು ಬೆರಳಗಲ, ಇವನ ಕಣ್ಣಿಗೆ ಕೊರಳು ಕಾಣುತ್ತಿಲ್ಲ, ಪಟ್ಟಿಯೇ ಕಾಣುತ್ತಿದೆ, ಮಣಿಕಟ್ಟು ತಾನಾಗಿ ನಿಂತಿತು, ಹಗುರಾಯಿತು, ಕತ್ತಿ ಬೆನ್ನ ಮೇಲೆ ಹೊರಳಿತು, ರಕ್ತವಿಲ್ಲ, ಬಿಳಿ ನೊರೆ, ನುಣ್ಣನೆ ಚರ್ಮ, ಅಣ್ಣನ ಚರ್ಮದ ಮೇಲೆ ಇಲ್ಲದ, ಪಟ್ಟಿಯ ಮೇಲಷ್ಟೇ ಇರುವ ಆ ಕಚ್ಚು, ತುಟಿ ಮುಚ್ಚಿಕೊಂಡ ಪುಟ್ಟ ಬಾಯಿ, ಆ ಕಚ್ಚು, ಕಚ್ಚು —